ಫ್ರಿಜ್, ಮಿಕ್ಸಿ, ಗೀಸರ್: ಎಲ್ಲ ಒಟ್ಟಿಗೇ ಕೈಕೊಡುವುದೇಕೆ?

ಮನೆಯಲ್ಲಿ ಎರಡು ಮೂರು ಯಂತ್ರಗಳು ಒಟ್ಟಿಗೆ ಕೆಟ್ಟರೆ ನಮ್ಮಲ್ಲಿ ಮೊದಲು ಬರುವ ಮಾತು ದೃಷ್ಟಿಯದು. ಯಾರದೋ ಕಣ್ಣು ಬಿದ್ದಿದೆ, ಒಂದು ಕುಂಬಳಕಾಯಿ ಒಡೆದುಬಿಡಿ ಅನ್ನುತ್ತಾರೆ. ಕುಂಬಳಕಾಯಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಆ ಮಾತಿನ ಒಳಗೆ ಒಂದು ಒಳ್ಳೆಯ ಪ್ರಶ್ನೆ ಇದೆ. ಇಷ್ಟೂ ಯಂತ್ರಗಳು ಕೆಡುವುದಕ್ಕೆ ಒಂದೇ ಕಾರಣ ಇರಬಹುದೇ?

ಕೆಲವು ಸಲ ಇರುತ್ತದೆ. ಕೆಲವು ಸಲ ಇರುವುದಿಲ್ಲ. ಇದನ್ನು ಪತ್ತೆ ಮಾಡದೆ ಗೀಸರ್‌ಗೊಬ್ಬ, ಟಿವಿಗೊಬ್ಬ, ಫ್ರಿಜ್‌ಗೊಬ್ಬ ಅಂತ ಮೆಕ್ಯಾನಿಕ್‌ಗಳನ್ನು ಕರೆಸುತ್ತಾ ಹೋದರೆ ದುಡ್ಡು ನೀರಿನಂತೆ ಖರ್ಚಾಗುತ್ತದೆ. ಮೂಲ ಕಾರಣ ಮಾತ್ರ ಅಲ್ಲೇ ಉಳಿದು, ಹೊಸದಾಗಿ ಹಾಕಿಸಿದ ಬೋರ್ಡನ್ನೂ ಸುಡುತ್ತದೆ. ಹಾಗಾಗಿ ಯಾವ ಯಂತ್ರ ಕೆಟ್ಟಿತು ಅನ್ನುವುದಕ್ಕಿಂತ ಮೊದಲು ಯಾವಾಗ ಕೆಟ್ಟಿತು ಅಂತ ನೋಡಬೇಕು. ಎಲ್ಲವೂ ಒಂದೇ ಸಂಜೆ ಹೋದವಾ? ಒಂದೇ ಬೇಸಿಗೆಯಲ್ಲಿ ಹೋದವಾ? ಅಥವಾ ಮೂರು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಹೋಗಿ, ಬಿಲ್ಲು ಕಟ್ಟುವಾಗ ಒಟ್ಟಿಗೆ ಹೋದಂತೆ ಅನ್ನಿಸಿತಾ?

ಒಂದೇ ಸಂಜೆ ಹೋಗಿದ್ದರೆ

ಗಂಟೆಗಳ ಅಂತರದಲ್ಲಿ ಎರಡು ಮೂರು ವಸ್ತು ಸತ್ತಿದ್ದರೆ ಅನುಮಾನವೇ ಬೇಡ, ಮೊದಲು ಕರೆಂಟಿನ ಕಡೆ ನೋಡಿ. ಇದರಲ್ಲಿ ಅತಿ ಕೆಟ್ಟದ್ದು ನ್ಯೂಟ್ರಲ್ ಕಟ್ ಆಗುವುದು. ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಅದರ ಅರ್ಥ ಏನು ಅಂತ ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಬೀದಿಯ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಫೇಸ್ ತಂತಿ ಮತ್ತು ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುತ್ತದೆ. ನಮ್ಮ ಮನೆಯ ಸಾಮಾನುಗಳೆಲ್ಲ ಇದಕ್ಕೇ ತಯಾರಾದವು. ಎರಡು ಫೇಸ್‌ಗಳ ನಡುವೆ ಮಾತ್ರ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿ ಇರುವತನಕ ಈ 400ಕ್ಕೂ ನಮಗೂ ಸಂಬಂಧವಿಲ್ಲ. ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಹೋದರೆ ಕಥೆ ಬದಲಾಗುತ್ತದೆ. ಆಗ ಒಂದು ಫೇಸ್‌ನಲ್ಲಿರುವ ಸಾಮಾನು, ಇನ್ನೊಂದು ಫೇಸ್‌ನಲ್ಲಿರುವ ಸಾಮಾನು ಒಂದರ ಹಿಂದೆ ಒಂದು ಜೋಡಿಸಿದ ಹಾಗಾಗಿ, ಆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ.

ಆ ಹಂಚಿಕೆ ಸಮಪಾಲು ಅಲ್ಲ. ಒಂದು ಫೇಸ್‌ನಲ್ಲಿ 2,000 ವಾಟ್‌ನ ಗೀಸರ್ ಉರಿಯುತ್ತಿದೆ, ಇನ್ನೊಂದರಲ್ಲಿ 100 ವಾಟ್‌ನ ಹಳೇ ಬಲ್ಬ್ ಇದೆ ಅಂದುಕೊಳ್ಳಿ. ಗೀಸರ್‌ನ ರೆಸಿಸ್ಟೆನ್ಸ್ ಸುಮಾರು 26 ಓಮ್, ಬಲ್ಬಿನದು ಸುಮಾರು 529 ಓಮ್. ರೆಸಿಸ್ಟೆನ್ಸ್ ಜಾಸ್ತಿ ಇರುವುದಕ್ಕೆ ವೋಲ್ಟೇಜೂ ಜಾಸ್ತಿ. ಲೆಕ್ಕ ಹಾಕಿದರೆ ಬಲ್ಬಿಗೆ 380 ವೋಲ್ಟ್ ಬೀಳುತ್ತದೆ, ಗೀಸರ್‌ಗೆ ಬರೀ 20. ಗೀಸರ್ ತಣ್ಣಗೆ ಕೂತಿರುತ್ತದೆ, ಬಲ್ಬು ಢಂ ಅನ್ನುತ್ತದೆ. ಈಗ ಬಲ್ಬಿನ ಜಾಗದಲ್ಲಿ ಟಿವಿ, ವೈಫೈ ರೌಟರ್, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರ್ ಇಟ್ಟು ನೋಡಿ. ಕಡಿಮೆ ಕರೆಂಟ್ ತಿನ್ನುವ ಸಣ್ಣ ಸಾಮಾನುಗಳೇ ಸಾಲಾಗಿ ಸುಟ್ಟು, ದೊಡ್ಡ ಗೀಸರ್, ಇಸ್ತ್ರಿಪೆಟ್ಟಿಗೆಗಳು ಬದುಕಿ ಉಳಿದಿದ್ದರೆ ಅದು ನ್ಯೂಟ್ರಲ್‌ನ ಸಹಿ. ಪಕ್ಕದ ಮನೆಯವರನ್ನೂ ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಫ್ಲಾಟು ಒಂದೊಂದು ಫೇಸ್‌ನಲ್ಲಿ ಇರುವುದರಿಂದ ನಿಮ್ಮ ಟಿವಿ ಹೋದ ಹೊತ್ತಿಗೇ ಅವರ ಮನೆಯ ಲೈಟು ಮಂಕಾಗಿ ಉರಿದಿರಬಹುದು.

ಇದರ ಮುನ್ಸೂಚನೆ ಕಣ್ಣಿಗೆ ಕಾಣುತ್ತದೆ. ಕೆಲವು ಲೈಟು ವಿಪರೀತ ಬೆಳಕು ಕೊಡುತ್ತವೆ, ಕೆಲವು ಕಂದುತ್ತವೆ. ಫ್ಯಾನ್ ಒಮ್ಮೆಲೇ ಜೋರಾಗಿ ತಿರುಗುತ್ತದೆ. ಆಗ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. "ಎಂಸಿಬಿ ಇದೆಯಲ್ಲ, ಅದೇ ಟ್ರಿಪ್ ಆಗುತ್ತೆ" ಅನ್ನುವವರು ಬಹಳ. ಅದು ತಪ್ಪು ನಂಬಿಕೆ. ಎಂಸಿಬಿ ಜಾಸ್ತಿ ಕರೆಂಟ್ ಹರಿದಾಗ ಬೀಳುತ್ತದೆ, ಜಾಸ್ತಿ ವೋಲ್ಟೇಜ್ ಬಂದಾಗ ಅಲ್ಲ. ವೋಲ್ಟೇಜ್ ಏರಿದಾಗ ಲೈನ್ ಕಡಿದುಹಾಕುವುದಕ್ಕೆ ಬೇರೆಯೇ ಸಾಧನ ಬೇಕು. ಓವರ್ ಮತ್ತು ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ಆದ ಮೇಲೆ, ಎಂಸಿಬಿಗಳಿರುವ ಡಿಬಿ ಬಾಕ್ಸ್‌ನಲ್ಲಿ ಕೂರಿಸುತ್ತಾರೆ. ಮನೆಗೆಲ್ಲ ಒಂದೇ ಸಾಕು. ನನ್ನ ಪ್ರಕಾರ ಈ ಲೇಖನದಲ್ಲಿ ಹೇಳುವ ಎಲ್ಲ ಖರ್ಚಿನಲ್ಲೂ ಮೊದಲು ಮಾಡಬೇಕಾದ ಖರ್ಚು ಇದೇ.

ಬೀದಿಯ ಕಡೆಯ ದೋಷವಾದರೆ 1912ಕ್ಕೆ ಫೋನ್ ಮಾಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಲ್ಲಕ್ಕೂ ಅದೇ ಸಂಖ್ಯೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮ್ಯಾನ್ ಬಂದು ಸರಿ ಮಾಡಿ ಹೋದ ಮೇಲೂ ವೋಲ್ಟೇಜ್ ಎಷ್ಟಿದೆ ಅಂತ ಮೀಟರ್ ಹಿಡಿಸಿ ನೋಡದೆ ಫ್ರಿಜ್ ಆನ್ ಮಾಡಬೇಡಿ.

ಎರಡನೆಯ ಅಪರಾಧಿ ಸಿಡಿಲು. ಕರ್ನಾಟಕದಲ್ಲಿ ಇದಕ್ಕೊಂದು ಕಾಲವೇ ಇದೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಹೊತ್ತಿನಲ್ಲಿ, ಮಧ್ಯಾಹ್ನ ಮೇಲೆ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ. ಸಿಡಿಲು ನಿಮ್ಮ ಮನೆಗೇ ಹೊಡೆಯಬೇಕಿಲ್ಲ. ಹತ್ತಿರದ ಲೈನಿಗೋ ಮರಕ್ಕೋ ಹೊಡೆದರೂ ತಂತಿಗಳಲ್ಲಿ ಕ್ಷಣಮಾತ್ರ ಭಾರೀ ವೋಲ್ಟೇಜ್ ಹುಟ್ಟಿ ಮನೆಯೊಳಗೆ ಬರುತ್ತದೆ. ಕರೆಂಟಿನ ತಂತಿ ಒಂದೇ ದಾರಿಯಲ್ಲ. ಡಿಶ್‌ನ ಕೇಬಲ್, ತಾಮ್ರದ ಇಂಟರ್ನೆಟ್ ತಂತಿ ಕೂಡ ದಾರಿಯೇ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಫೈಬರ್ ಬಾಕ್ಸ್‌ನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲೇ ಇರುತ್ತದಲ್ಲ.

ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಗೋಡೆಯ ಸ್ವಿಚ್ಚು ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ. ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಪ್ಲಗ್ ಕೀಳುವುದೇ ಸರಿ. ಅದೂ ಮೋಡ ಕಟ್ಟುವಾಗ ಕೀಳಬೇಕು. ತಲೆಯ ಮೇಲೆ ಗುಡುಗುತ್ತಿರುವಾಗ ಸಾಕೆಟ್ಟಿಗೆ ಕೈ ಹಾಕುವುದು ಬುದ್ಧಿವಂತಿಕೆಯಲ್ಲ. ಟಿವಿ ಹೋದರೆ ಹೋಗಲಿ.

ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು. ಅದರೊಳಗಿನ ಒಂದು ಸಣ್ಣ ಬಿಲ್ಲೆ, ವೋಲ್ಟೇಜ್ ಮಿತಿ ಮೀರಿದಾಗ ಅದನ್ನು ನೆಲದ ಕಡೆಗೆ ತಿರುಗಿಸುತ್ತದೆ. ಎರಡು ವಿಷಯ ಅಂಗಡಿಯವರು ಹೇಳುವುದಿಲ್ಲ. ಒಂದು, ಮನೆಯ ಅರ್ತಿಂಗ್ ಸರಿ ಇಲ್ಲದಿದ್ದರೆ ತಿರುಗಿಸುವುದಕ್ಕೆ ನೆಲವೇ ಇಲ್ಲ. ಹತ್ತು ಹದಿನೈದು ವರ್ಷದ ಹಿಂದೆ ತೋಡಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಂತಿದ್ದರೆ ಪ್ರೊಟೆಕ್ಟರ್ ಬರೀ ಅಲಂಕಾರ. ಎರಡು, ಆ ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅದು ಸತ್ತ ಮೇಲೂ ಲೈನ್ ಬರುತ್ತಲೇ ಇರುತ್ತದೆ, ಆದ್ದರಿಂದ ಸೂಚನೆಯ ದೀಪ ಇರುವುದನ್ನೇ ತೆಗೆದುಕೊಳ್ಳಿ. ಇನ್ನು ಸ್ಪೈಕ್ ಗಾರ್ಡ್ ಹೆಸರಲ್ಲಿ ಮಾರುವ ಅಗ್ಗದ ಎಷ್ಟೋ ಬಾಕ್ಸ್‌ಗಳು ನಿಜಕ್ಕೂ ಬರೀ ಎಕ್ಸ್‌ಟೆನ್ಶನ್ ಬೋರ್ಡು.

ಒಂದೇ ಕೆಟ್ಟಿದ್ದರೂ ಎಲ್ಲ ಕೆಟ್ಟಂತೆ ಕಾಣುವುದೂ ಉಂಟು. ಗೀಸರ್‌ನ ಕಾಯಿಲ್ ಸೀಳಿ ಕರೆಂಟ್ ನೀರಿಗೆ ಸೋರುತ್ತಿದೆ ಅಂದುಕೊಳ್ಳಿ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು ಇರುವ ಮನೆಯಲ್ಲಿ 30 ಮಿಲಿಆಂಪ್‌ನಷ್ಟು ಸೋರಿಕೆಯಾದರೆ ಅದು ಇಡೀ ಮನೆಯ ಲೈನ್ ಕಡಿಯುತ್ತದೆ. ಫ್ರಿಜ್ ಇಲ್ಲ, ಟಿವಿ ಇಲ್ಲ, ಮೋಟರ್ ಇಲ್ಲ. ಗಾಬರಿ ಬೇಡ. ಎಲ್ಲ ಎಂಸಿಬಿಗಳನ್ನೂ ಕೆಳಗೆ ಮಾಡಿ, ಆರ್‌ಸಿಸಿಬಿ ಮೇಲೆತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಆ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ನೋಡಿದರೆ ಯಂತ್ರವೇ ಸಿಕ್ಕಿಬೀಳುತ್ತದೆ. ಒಂದು ಮಾತ್ರ ಮಾಡಬೇಡಿ. ಪದೇ ಪದೇ ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಅದು ಬೀಳುತ್ತಿರುವುದು ನಿಮ್ಮ ಜೀವ ಉಳಿಸುವುದಕ್ಕೆ.

ಒಂದೇ ಬೇಸಿಗೆಯಲ್ಲಿ ಹೋಗಿದ್ದರೆ

ಇಲ್ಲಿ ಹೊಡೆತ ಒಂದೇ ಏಟಿನದಲ್ಲ, ದಿನಾ ಸ್ವಲ್ಪ ಸ್ವಲ್ಪ. ಬೇಸಿಗೆಯ ಸಂಜೆ ಬೀದಿಯ ಎಲ್ಲರೂ ಎಸಿ, ಕೂಲರ್, ಮೋಟರ್ ಹಾಕಿದಾಗ ವೋಲ್ಟೇಜ್ ಇಳಿಯುತ್ತದೆ. ಲೈಟು ಸ್ವಲ್ಪ ಮಂಕಾಯಿತು, ಅಷ್ಟೇ ಅಲ್ವಾ ಅಂತ ಸುಮ್ಮನಿರುತ್ತೇವೆ. ಆದರೆ ಮೋಟರ್ ಇರುವ ಯಂತ್ರಗಳಿಗೆ ಕಡಿಮೆ ವೋಲ್ಟೇಜೂ ವಿಷವೇ. ಮೋಟರ್ ನಿಂತಲ್ಲಿಂದ ತಿರುಗಲು ಹುಟ್ಟಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ಇದ್ದರೆ ವೋಲ್ಟೇಜ್ ಇಳಿದಿರುವುದು ಸುಮಾರು ಐದನೇ ಒಂದು ಭಾಗ, ಬಲ ಮಾತ್ರ 61 ಪರ್ಸೆಂಟ್‌ಗೆ ಬಿದ್ದಿರುತ್ತದೆ. ತಿರುಗಲಾಗದ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ಫ್ರಿಜ್‌ನ ಹಿಂದೆ ಕೆಲವು ನಿಮಿಷಕ್ಕೊಮ್ಮೆ 'ಟಕ್' ಅಂತ ಸದ್ದು ಬರುತ್ತಿದ್ದರೆ ಕಂಪ್ರೆಸರ್ ಶುರುವಾಗಲು ಒದ್ದಾಡಿ ಸೋಲುತ್ತಿದೆ ಅಂತ ಅರ್ಥ. ಸಂಪಿನ ಮೋಟರ್ ಗುಂಯ್‌ಗುಡುತ್ತಾ ನೀರೆತ್ತದಿದ್ದರೆ ಕೂಡಲೇ ಆಫ್ ಮಾಡಿ. ಕಂಡೆನ್ಸರ್ (ಕೆಪಾಸಿಟರ್) ಹೋಗಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಹಾಗೇ ಬಿಟ್ಟರೆ ಕಾಯಿಲ್ ಸುಟ್ಟು ರಿವೈಂಡಿಂಗ್‌ಗೆ ಹೋಗುತ್ತದೆ.

ಪದೇ ಪದೇ ಕರೆಂಟ್ ಹೋಗಿ ಬರುವುದೂ ಕಂಪ್ರೆಸರ್‌ಗೆ ಕೆಟ್ಟದ್ದು. ನಿಂತ ಕಂಪ್ರೆಸರ್‌ನ ಎರಡೂ ಬದಿಯ ಗ್ಯಾಸ್ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮೊದಲೇ ಕರೆಂಟ್ ಬಂದರೆ ಒತ್ತಡದ ವಿರುದ್ಧ ತಳ್ಳಬೇಕಾಗುತ್ತದೆ. ಸ್ಟೆಬಿಲೈಜರ್‌ನಲ್ಲಿ ತಡವಾಗಿ ಆನ್ ಆಗುವ ವ್ಯವಸ್ಥೆ ಇಟ್ಟಿರುವುದು ಇದಕ್ಕೇ. 'ಸ್ಟೆಬಿಲೈಜರ್ ಬೇಕಿಲ್ಲ' ಅಂತ ಹೊಸ ಫ್ರಿಜ್ ಮೇಲೆ ಬರೆದಿರುತ್ತದೆ. ಅದು ಸುಳ್ಳಲ್ಲ, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇಂತಿಷ್ಟು ವೋಲ್ಟ್‌ನಿಂದ ಇಂತಿಷ್ಟು ವೋಲ್ಟ್‌ವರೆಗೆ ಅಂತಲೂ ಇರುತ್ತದೆ. ನ್ಯೂಟ್ರಲ್ ಹೋದಾಗಿನ 380 ಆ ಅಳತೆಯೊಳಗೆ ಬರುವುದಿಲ್ಲ.

ಬೇಸಿಗೆಯ ಇನ್ನೊಂದು ಕಾರಣ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಊರಿಗೆ ಊರೇ ಟ್ಯಾಂಕರ್ ಕಾದು ಕೂತದ್ದು ನೆನಪಿರಬಹುದು. ಕಾವೇರಿ ನೀರಿಗೆ ಹೊಂದಿಕೊಂಡಿದ್ದ ಗೀಸರ್‌ಗೆ ಇದ್ದಕ್ಕಿದ್ದಂತೆ ಉಪ್ಪು ನೀರು ಹರಿದರೆ ಕೆಲವೇ ತಿಂಗಳಲ್ಲಿ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟಿರುವ ಮಾನದಂಡದಲ್ಲಿ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಆ 600ರ ನೀರು ಕುಡಿಯಲು ಸಿಕ್ಕರೆ ಪುಣ್ಯ ಅಂತ ಆಗಬಹುದು, ಗೀಸರ್‌ಗಂತೂ ಶಿಕ್ಷೆ. ಪದರ ಕಟ್ಟಿದ ಕಾಯಿಲ್‌ನ ಬಿಸಿ ನೀರಿಗೆ ಇಳಿಯದೆ ಕಾಯಿಲ್ಲೇ ಸುಡುತ್ತದೆ. ಅದೇ ನೀರು ವಾಷಿಂಗ್ ಮೆಷಿನ್ನಿನ ಒಳಹರಿವಿನ ಜಾಲರಿಯನ್ನು ಕಟ್ಟುತ್ತದೆ, ಆರ್‌ಒ ಫಿಲ್ಟರ್‌ನ ಮೆಂಬ್ರೇನ್ ಆಯುಷ್ಯ ಕಡಿಮೆ ಮಾಡುತ್ತದೆ. ಗೀಸರ್, ವಾಷಿಂಗ್ ಮೆಷಿನ್, ವಾಟರ್ ಫಿಲ್ಟರ್ ಮೂರೂ ಜೊತೆಗೆ ತೊಂದರೆ ಕೊಟ್ಟು, ಟಿವಿ, ಮಿಕ್ಸಿ ಚೆನ್ನಾಗಿದ್ದರೆ ಎಲೆಕ್ಟ್ರಿಷಿಯನ್ ಅಲ್ಲ, ನೀರು ಪರೀಕ್ಷೆ ಮಾಡುವವರು ಬೇಕು. ಗೀಸರ್‌ನ ಟೆಂಪರೇಚರ್ 50-55 ಡಿಗ್ರಿಗೆ ಇಳಿಸಿದರೂ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ಒಳಗಿನ ಆನೋಡ್ ರಾಡ್ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಕರಗುವ ಕಂಬಿ. ಅದನ್ನು ಬದಲಿಸಬೇಕು ಅಂತ ಗೊತ್ತೇ ಇಲ್ಲದೆ ಟ್ಯಾಂಕ್ ತೂತಾದ ಮೇಲೆ ಗೀಸರನ್ನೇ ಬದಲಿಸುತ್ತೇವೆ.

ಒಂದು ಕೆಟ್ಟದ್ದರಿಂದ ಇನ್ನೊಂದು ಕೆಡುವ ಸರಪಳಿಯೂ ಇದೆ. ಗ್ರೈಂಡರ್ ಕೆಟ್ಟಿತು. ನಾಳೆ ಬೆಳಗ್ಗೆ ಇಡ್ಲಿ ಆಗಲೇಬೇಕು. ಉದ್ದಿನಬೇಳೆ, ಅಕ್ಕಿ ಎಲ್ಲ ಮಿಕ್ಸಿಗೆ ಬಿತ್ತು. ಚಟ್ನಿ, ಸಾಂಬಾರ್ ಮಸಾಲೆಗೆ ಅಂತ ಇರುವ ಮೋಟರ್ ಅಷ್ಟು ಹೊತ್ತು ಗಟ್ಟಿ ಹಿಟ್ಟು ತಿರುಗಿಸಿದರೆ ಕಾದು ನಿಲ್ಲುತ್ತದೆ. ಇದು ಎರಡನೇ ಯಂತ್ರ ಕೆಟ್ಟಂತೆ ಕಾಣುತ್ತದೆ. ಅನೇಕ ಸಲ ಕೆಟ್ಟಿರುವುದೇ ಇಲ್ಲ. ಮಿಕ್ಸಿಯನ್ನು ತಿರುಗಿಸಿ ಬುಡ ನೋಡಿ, ಒಂದು ಕೆಂಪು ಗುಂಡಿ ಇರುತ್ತದೆ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒತ್ತಿ. ಈ ಗುಂಡಿ ಒತ್ತುವುದಕ್ಕೇ ಸರ್ವೀಸ್ ಚಾರ್ಜ್ ಕೊಟ್ಟವರು ಊರಿಗೆ ಹತ್ತು ಜನ ಸಿಗುತ್ತಾರೆ.

ಕಾರಣವೇ ಇಲ್ಲದೆ ಹೋಗಿದ್ದರೆ

ಕರೆಂಟ್ ಸರಿ ಇದೆ, ನೀರು ಸರಿ ಇದೆ, ಆದರೂ ಒಂದೇ ತಿಂಗಳಲ್ಲಿ ಎರಡು ಕೆಟ್ಟವು. ಇಲ್ಲಿ ಸುಮ್ನೆ ಒಂದು ಲೆಕ್ಕ ಹಾಕೋಣ. ಮನೆಯಲ್ಲಿ ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿ, ಗ್ರೈಂಡರ್, ಗೀಸರ್, ಟಿವಿ, ಯುಪಿಎಸ್, ಮೋಟರ್, ವಾಟರ್ ಫಿಲ್ಟರ್, ಇಸ್ತ್ರಿಪೆಟ್ಟಿಗೆ, ಗ್ಯಾಸ್ ಸ್ಟವ್, ಫ್ಯಾನ್‌ಗಳು ಅಂತ 12 ಬಗೆ ಇವೆ ಅನ್ನಿ. ಒಂದೊಂದೂ ಮೂರು ವರ್ಷಕ್ಕೊಮ್ಮೆ ರಿಪೇರಿ ಕೇಳುತ್ತದೆ ಅಂದುಕೊಂಡರೆ ವರ್ಷಕ್ಕೆ ನಾಲ್ಕು ರಿಪೇರಿ. ಆ ನಾಲ್ಕೂ ಬೇರೆ ಬೇರೆ ತಿಂಗಳಲ್ಲೇ ಬರುವ ಸಾಧ್ಯತೆ ಎಷ್ಟು? ಮೊದಲನೆಯದು ಯಾವ ತಿಂಗಳಿಗಾದರೂ ಬರಲಿ. ಎರಡನೆಯದಕ್ಕೆ 12ರಲ್ಲಿ 11 ತಿಂಗಳು ಉಳಿದವು, ಮೂರನೆಯದಕ್ಕೆ 10, ನಾಲ್ಕನೆಯದಕ್ಕೆ 9. ಗುಣಿಸಿದರೆ 57 ಪರ್ಸೆಂಟ್. ಅಂದರೆ ಯಾವ ಕಾರಣವೂ ಇಲ್ಲದೆ, ಬರೀ ಆಕಸ್ಮಿಕವಾಗಿ, ಒಂದೇ ತಿಂಗಳಲ್ಲಿ ಎರಡು ಕೆಡುವ ಸಾಧ್ಯತೆ 43 ಪರ್ಸೆಂಟ್. ವರ್ಷಕ್ಕೆ ಆರು ರಿಪೇರಿ ಬರುವ ಮನೆಯಾದರೆ ಅದು 78 ಪರ್ಸೆಂಟ್. ಹೆಚ್ಚು ಸಾಮಾನು ಇರುವ ಮನೆಯಲ್ಲಿ ಇಂಥ ತಿಂಗಳು ಬಾರದಿದ್ದರೇ ಆಶ್ಚರ್ಯ.

ಅದರ ಮೇಲೆ ವಯಸ್ಸು ಸೇರುತ್ತದೆ. ನಾವು ಸಾಮಾನು ಕೊಳ್ಳುವುದು ಹೇಗೆ? ಮದುವೆಯಾದಾಗ ಒಂದು ಲೋಡು, ಗೃಹಪ್ರವೇಶಕ್ಕೆ ಇನ್ನೊಂದು ಲೋಡು, ದಸರಾ ದೀಪಾವಳಿ ಆಫರ್‌ನಲ್ಲಿ ಉಳಿದದ್ದು. ಒಟ್ಟಿಗೆ ಬಂದದ್ದು ಒಟ್ಟಿಗೆ ಮುದಿಯಾಗುತ್ತದೆ. ಎಂಜಿನಿಯರ್‌ಗಳು ಬಾತ್‌ಟಬ್ ಕರ್ವ್ ಅಂತ ಒಂದು ಗೆರೆ ಬರೆಯುತ್ತಾರೆ. ತಯಾರಿಕೆಯ ದೋಷ ಇದ್ದರೆ ಮೊದಲ ತಿಂಗಳುಗಳಲ್ಲೇ ಕೆಡುತ್ತದೆ, ಆಮೇಲೆ ವರ್ಷಗಟ್ಟಲೆ ತಕರಾರಿಲ್ಲ, ಕೊನೆಗೆ ಸವೆತ ಶುರುವಾಗಿ ಗೆರೆ ಮತ್ತೆ ಏರುತ್ತದೆ. ಹತ್ತು ವರ್ಷದ ಹಿಂದೆ ಗೃಹಪ್ರವೇಶ ಮಾಡಿದವರ ಮನೆಯ ಎಲ್ಲ ಯಂತ್ರಗಳೂ ಈಗ ಆ ಏರಿನಲ್ಲೇ ಇವೆ. ರಬ್ಬರ್ ಗ್ಯಾಸ್ಕೆಟ್ ಬಿರಿಯುವುದು, ಮಿಕ್ಸಿಯ ಕಾರ್ಬನ್ ಬ್ರಷ್ ಸವೆಯುವುದು, ಬೋರ್ಡಿನ ಕೆಪಾಸಿಟರ್ ಉಬ್ಬುವುದು, ಇವೆಲ್ಲ ಆ ವಯಸ್ಸಿನ ಕಾಯಿಲೆಗಳು.

ಯಾವುದು ಮೊದಲು?

ಬರಗಾಲದಲ್ಲಿ ಅಧಿಕ ಮಾಸ ಅನ್ನುವಂತೆ ಇದೆಲ್ಲ ಬರುವುದು ಸ್ಕೂಲ್ ಫೀಸ್ ಕಟ್ಟಿದ ತಿಂಗಳಲ್ಲೇ. ಎಲ್ಲವನ್ನೂ ಒಂದೇ ದಿನ ಸರಿ ಮಾಡಿಸುವ ಹಠ ಬೇಡ.

ಮುಟ್ಟಿದರೆ ಜುಮ್ ಅನ್ನುವುದು, ಸುಟ್ಟ ವಾಸನೆ ಬರುವುದು, ಪ್ಲಗ್ ಕಪ್ಪಾಗಿರುವುದು ಮೊದಲ ಸಾಲು. ಅವನ್ನು ರಿಪೇರಿ ಮಾಡಿಸದಿದ್ದರೂ ಪರವಾಗಿಲ್ಲ, ಪ್ಲಗ್ ಕಿತ್ತು ಬದಿಗಿಡಿ. ಆಮೇಲೆ ನೀರಿನ ಮೋಟರ್, ಏಕೆಂದರೆ ಟ್ಯಾಂಕ್ ಖಾಲಿಯಾದರೆ ಮನೆಯೇ ನಿಲ್ಲುತ್ತದೆ. ಅದರ ನಂತರ ಫ್ರಿಜ್. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ತುಂಬಿದ ಫ್ರೀಜರ್ ಎರಡು ದಿನದವರೆಗೆ. ಹಾಲು ಕಾಯಿಸಿಡಿ, ದೋಸೆ ಹಿಟ್ಟು ಪಕ್ಕದ ಮನೆಗೆ ಕಳಿಸಿ, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದಕ್ಕೆ ಎಲ್ಲಕ್ಕಿಂತ ಮೊದಲು ಜಾಗ ಹುಡುಕಿ.

ವಾಷಿಂಗ್ ಮೆಷಿನ್, ಗೀಸರ್, ಟಿವಿ ಒಂದು ವಾರ ಕಾಯುತ್ತವೆ. ಗೀಸರ್ ಇಲ್ಲವೆಂದು ಬಕೆಟ್ಟಿಗೆ ಅಗ್ಗದ ಇಮ್ಮರ್ಶನ್ ಕಾಯಿಲ್ ಹಾಕುವುದು ಮಾತ್ರ ನನಗೆ ಇಷ್ಟವಿಲ್ಲ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಒಲೆ ಮೇಲೆ ಒಂದು ಪಾತ್ರೆ ನೀರು ಕಾಯಿಸಿದರೆ ಆಯಿತು.

ರಿಪೇರಿಯೋ, ಹೊಸದೋ ಎಂಬ ಪ್ರಶ್ನೆಗೆ ಒಂದು ಚಾಲ್ತಿಯ ಸೂತ್ರ ಇದೆ. ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದು ತಗೊಳ್ಳಿ ಅನ್ನುತ್ತಾರೆ. ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಏನು ಕೆಟ್ಟಿದೆ ಅನ್ನುವುದು ಮುಖ್ಯ. ಮಿಕ್ಸಿಯ ಬ್ರಷ್, ವಾಷಿಂಗ್ ಮೆಷಿನ್ನಿನ ಬೆಲ್ಟು ಅಥವಾ ಡ್ರೈನ್ ಪಂಪು, ಗೀಸರ್‌ನ ಕಾಯಿಲ್, ಥರ್ಮೋಸ್ಟಾಟ್ ಇವೆಲ್ಲ ಬದಲಿಸುವುದಕ್ಕೆಂದೇ ಇರುವ ಭಾಗಗಳು. ಹತ್ತು ವರ್ಷದ ಯಂತ್ರಕ್ಕೂ ಹಾಕಿಸಬಹುದು. ಗೀಸರ್‌ನ ಟ್ಯಾಂಕ್ ತೂತು, ಹಳೇ ಫ್ರಿಜ್‌ನ ಗೋಡೆಯೊಳಗೆ ಗ್ಯಾಸ್ ಲೀಕ್ ಆಗಿದ್ದರೆ ಕೈಬಿಡಿ. ಲೀಕ್ ಹುಡುಕದೆ ಬರೀ ಗ್ಯಾಸ್ ತುಂಬಿಸಿ ಹೋಗುವವರು ಮತ್ತೆ ಬರುತ್ತಾರೆ, ಮತ್ತೆ ತುಂಬಿಸುತ್ತಾರೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್‌600ಎ ಎಂಬ, ಬೆಂಕಿ ಹೊತ್ತಿಕೊಳ್ಳುವ ಗ್ಯಾಸ್ ಇರುವುದರಿಂದ ಆ ಕೆಲಸ ಗೊತ್ತಿರುವವರಿಗೇ ಕೊಡಬೇಕು.

ಬೋರ್ಡ್ ಸುಟ್ಟಾಗ ಕಂಪನಿಯವರು ಇಡೀ ಬೋರ್ಡ್ ಬದಲಿಸಿ ದೊಡ್ಡ ಬಿಲ್ಲು ಕೊಡುತ್ತಾರೆ. ಅದರಲ್ಲಿ ಹೋಗಿರುವುದು ಒಂದು ಸಣ್ಣ ಫ್ಯೂಸು, ಒಂದು ಬಿಲ್ಲೆ, ಒಂದು ಕೆಪಾಸಿಟರ್ ಇರಬಹುದು. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು ಬಿಡಿಬಿಡಿಯಾಗಿ ಸಿಗುತ್ತವೆ, ಬೋರ್ಡನ್ನೇ ಕೂತು ರಿಪೇರಿ ಮಾಡುವವರು ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ವಾರಂಟಿ ಮುಗಿದಿದ್ದರೆ ಒಮ್ಮೆ ತೋರಿಸಿ ನೋಡಿ. ವಾರಂಟಿ ಇದ್ದರೆ ಬೇಡ, ಹೊರಗಿನವರು ಬಿಚ್ಚಿದರೆ ಅದು ರದ್ದಾಗಬಹುದು.

ಕಂಪನಿಯ ಸರ್ವೀಸ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಎರಡು ಮೂರು ಯಂತ್ರ ಕೆಟ್ಟ ಗಡಿಬಿಡಿಯಲ್ಲಿ ಮೊದಲು ಕಂಡ ನಂಬರಿಗೆ ಫೋನ್ ಮಾಡುವವರೇ ವಂಚಕರಿಗೆ ಬೇಕಾದವರು. ಆ ಕಡೆಯವರು ಹತ್ತು ರೂಪಾಯಿ ಬುಕಿಂಗ್ ಚಾರ್ಜ್ ಅಂತ ಲಿಂಕ್ ಕಳಿಸುತ್ತಾರೆ, ಇಲ್ಲವೇ ಒಂದು ಆ್ಯಪ್ ಹಾಕಿಕೊಳ್ಳಿ ಅನ್ನುತ್ತಾರೆ. ನಂಬರನ್ನು ಯಂತ್ರದ ಸ್ಟಿಕ್ಕರ್, ಮ್ಯಾನ್ಯುಯಲ್ ಅಥವಾ ಬಿಲ್ಲಿನಿಂದಲೇ ತೆಗೆದುಕೊಳ್ಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಂದ ಮೆಕ್ಯಾನಿಕ್ ಹತ್ತಿರ ಬಿಚ್ಚಿದ ಹಳೇ ಭಾಗ ಕೇಳಿ ಇಟ್ಟುಕೊಳ್ಳಿ. ಬದಲಿಸಿದ್ದು ನಿಜವೋ ಸುಳ್ಳೋ ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ವಾರಂಟಿ ಇದ್ದೂ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು. ಬಿಡಿಭಾಗ, ಮ್ಯಾನ್ಯುಯಲ್, ಸರ್ವೀಸ್ ವಿವರಗಳನ್ನು ಒಂದೇ ಕಡೆ ಸಿಗುವಂತೆ ಮಾಡಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ. ಇದಕ್ಕೆಲ್ಲ ಬಿಲ್ಲು ಬೇಕು. ಅಂಗಡಿಯ ಬಿಲ್ಲು ಥರ್ಮಲ್ ಕಾಗದದ್ದಾಗಿದ್ದರೆ ವರ್ಷದೊಳಗೆ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ತಂದ ದಿನವೇ ಫೋಟೋ ತೆಗೆದಿಡಿ.

ವಿಮೆಯ ಮೇಲೆ ಜಾಸ್ತಿ ಭರವಸೆ ಬೇಡ. 'ಭಾರತ್ ಗೃಹ ರಕ್ಷಾ' ಪಾಲಿಸಿ ಸಿಡಿಲಿನ ಹಾನಿಗೆ ಪರಿಹಾರ ಕೊಡುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್‌ನಂಥ ವಿದ್ಯುತ್ ದೋಷದಿಂದ ಆ ಯಂತ್ರಕ್ಕೇ ಆದ ನಷ್ಟವನ್ನು, ಸಿಡಿಲೇ ಕಾರಣವಾಗಿದ್ದರೂ, ಹೊರಗಿಟ್ಟಿದೆ. ಅಂಗಡಿಯಲ್ಲಿ ಮಾರುವ ಎಕ್ಸ್‌ಟೆಂಡೆಡ್ ವಾರಂಟಿಗಿಂತ ಮನೆಯಲ್ಲೇ ಒಂದು ಚೀಟಿ ಹಾಕುವುದು ಮೇಲು ಅಂತ ನನ್ನ ಲೆಕ್ಕ. ಸಾಮಾನುಗಳ ಒಟ್ಟು ಬೆಲೆ ಒಂದೂವರೆ ಲಕ್ಷ, ಸರಾಸರಿ ಆಯುಷ್ಯ ಹತ್ತು ವರ್ಷ ಅಂದರೆ ವರ್ಷಕ್ಕೆ 15,000, ತಿಂಗಳಿಗೆ 1,250 ರೂಪಾಯಿ. ಅದನ್ನು ಬೇರೆ ಆರ್‌ಡಿಯಲ್ಲಿ ಇಟ್ಟರೆ, ಮೂರು ಯಂತ್ರ ಒಟ್ಟಿಗೆ ಕೆಟ್ಟ ತಿಂಗಳಲ್ಲಿ ಮೂರು ಇಎಂಐ ಒಟ್ಟಿಗೆ ಶುರುವಾಗುವುದು ತಪ್ಪುತ್ತದೆ.

ಹೊಸದು ಬಂದ ಮೇಲೆ ಹಳೆಯದನ್ನು ಗುಜರಿಯವರಿಗೆ ತೂಕಕ್ಕೆ ಹಾಕುವುದು ನಮ್ಮ ಅಭ್ಯಾಸ. ಅಲ್ಲಿ ತಾಮ್ರಕ್ಕಾಗಿ ಪೈಪ್ ಕತ್ತರಿಸಿದಾಗ ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಹಳೇ ಯಂತ್ರಗಳನ್ನು ಮರುಬಳಕೆಗೆ ಸೇರಿಸುವ ಹೊಣೆ ತಯಾರಕರದು. ಎಕ್ಸ್‌ಚೇಂಜ್‌ನಲ್ಲಿ ಕೊಟ್ಟರೆ, ಇಲ್ಲವೇ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟರೆ ಒಳ್ಳೆಯದು. ಕೊಡುವ ತನಕ ಹಳೇ ಫ್ರಿಜ್ಜನ್ನು ಜಗಲಿಯಲ್ಲೋ ಮಹಡಿ ಮೇಲೋ ಇಡುವುದಾದರೆ ಬಾಗಿಲು ಕಳಚಿಸಿ ಇಡಿ, ಆಟ ಆಡುತ್ತಾ ಮಕ್ಕಳು ಒಳಗೆ ಹೊಕ್ಕುಬಿಡುತ್ತಾರೆ.